ಶರಿಯಾ, ಹಲಾಖಾ: ಫಾರ್ವರ್ಡ್‌ನಲ್ಲಿ ಬರುವ ಒಂದು ಸಾಲು ಏಕೆ ಸಾಲದು?

‘ಶರಿಯಾ ಪುಸ್ತಕದಲ್ಲಿ ಹೀಗೆ ಬರೆದಿದೆ ನೋಡಿ’ ಎಂಬ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಪಶ್ಚಿಮ ಏಷ್ಯಾದಲ್ಲಿ ಯುದ್ಧ ಶುರುವಾದರೆ ಅದರ ಹಿಂದೆಯೇ ಇನ್ನೊಂದು ಬರುತ್ತದೆ: ‘ಯೆಹೂದಿಗಳ ಗುಪ್ತ ಗ್ರಂಥ ತಾಲ್ಮುದ್‌ನಲ್ಲಿ ಏನಿದೆ ಗೊತ್ತೇ?’ ಕೆಳಗೆ ಒಂದೇ ಒಂದು ಸಾಲು. ಅದರ ಕೆಳಗೆ ‘ಎಲ್ಲರಿಗೂ ತಲುಪಿಸಿ’.

ಮೊದಲೇ ಹೇಳಿಬಿಡುತ್ತೇವೆ. ಶರಿಯಾ ಎಂಬ ಹೆಸರಿನ ಒಂದು ಕಾನೂನು ಪುಸ್ತಕ ಇಲ್ಲ. ತಾಲ್ಮುದ್ ಇದೆ, ಆದರೆ ಅದು ಗುಪ್ತವೂ ಅಲ್ಲ, ಕಾನೂನುಗಳ ಪಟ್ಟಿಯೂ ಅಲ್ಲ. ಅದರ ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತದೆ, ಯಾರು ಬೇಕಾದರೂ ಓದಬಹುದು. ಹಾಗಾದರೆ ಈ ಎರಡು ಧಾರ್ಮಿಕ ಕಾನೂನುಗಳು ಎಲ್ಲಿವೆ, ಯಾರು ಮಾಡಿದ್ದು, ಯಾರಿಗೆ ಅನ್ವಯಿಸುತ್ತವೆ? ಇವನ್ನು ತಿಳಿದುಕೊಂಡರೆ ಅಂಥ ಸಂದೇಶಗಳಲ್ಲಿ ಹೆಚ್ಚಿನವುಗಳ ಗಾಳಿ ತಾನಾಗಿಯೇ ಹೋಗುತ್ತದೆ.

ಎರಡರ ಹೆಸರಿನಲ್ಲೂ ‘ದಾರಿ’ ಇದೆ. ಯೆಹೂದಿ ಧರ್ಮಶಾಸ್ತ್ರಕ್ಕೆ ಹೀಬ್ರೂ ಭಾಷೆಯಲ್ಲಿ ಹಲಾಖಾ ಎನ್ನುತ್ತಾರೆ. ನಡೆಯುವುದು ಎಂಬ ಅರ್ಥದ ಧಾತುವಿನಿಂದ ಬಂದ ಪದ. ಕನ್ನಡದಲ್ಲಿ ‘ನಡೆ’, ‘ನಡಾವಳಿ’ ಅಂದ ಹಾಗೆ. ಶರಿಯಾ ಎಂಬ ಅರಬ್ಬಿ ಪದಕ್ಕೆ ನೀರಿನ ತಾಣಕ್ಕೆ ಹೋಗುವ ದಾರಿ ಎಂಬುದು ಹಳೆಯ ಅರ್ಥ. ಮುಸ್ಲಿಂ ವಿದ್ವಾಂಸರು ಇಲ್ಲಿ ಒಂದು ಸೂಕ್ಷ್ಮ ಮಾಡುತ್ತಾರೆ. ದೇವರು ತೋರಿಸಿದ ದಾರಿ ಶರಿಯಾ. ಆ ದಾರಿ ಯಾವುದೆಂದು ಮನುಷ್ಯರು ಹುಡುಕಿ, ಓದಿ, ವಾದಿಸಿ ಕಂಡುಕೊಂಡದ್ದು ‘ಫಿಕ್ಹ್’, ಅಂದರೆ ತಿಳಿವಳಿಕೆ. ನಾವು ಪತ್ರಿಕೆಗಳಲ್ಲಿ ಶರಿಯಾ ಎಂದು ಓದುವುದರಲ್ಲಿ ಹೆಚ್ಚಿನದು ಈ ಫಿಕ್ಹ್. ಮನುಷ್ಯರ ತಿಳಿವಳಿಕೆ ಅಂದ ಮೇಲೆ ಭಿನ್ನಾಭಿಪ್ರಾಯ ಇದ್ದದ್ದೇ.

ಒಂದು ಸಿಗಡಿಯ ಕಥೆ

ಸಿಗಡಿಯನ್ನೇ ತೆಗೆದುಕೊಳ್ಳೋಣ. ಸಿಗಡಿ ತಿನ್ನಬಹುದೇ?

ಯೆಹೂದಿ ಕಾನೂನಿನ ಪ್ರಕಾರ ಕೂಡದು. ನೀರಿನ ಜೀವಿಗೆ ಈಜುರೆಕ್ಕೆಯೂ ಇರಬೇಕು, ಹುರುಪೆಯೂ ಇರಬೇಕು ಎಂದು ತೋರಾ ಹೇಳುತ್ತದೆ. ಸಿಗಡಿಗೆ ಎರಡೂ ಇಲ್ಲ. ಪ್ರಶ್ನೆ ಮುಗಿಯಿತು.

ಇಸ್ಲಾಮಿನಲ್ಲಿ ಉತ್ತರ ನೀವು ಯಾವ ಪಂಥದವರು ಎಂಬುದರ ಮೇಲೆ ನಿಂತಿದೆ. ಸುನ್ನಿಗಳಲ್ಲಿ ನಾಲ್ಕು ಕಾನೂನು ಪಂಥಗಳು: ಹನಫಿ, ಮಾಲಿಕಿ, ಶಾಫಿ, ಹಂಬಲಿ. ಇವುಗಳಿಗೆ ಹೆಸರು ಕೊಟ್ಟ ಅಬೂ ಹನೀಫಾ, ಮಾಲಿಕ್, ಶಾಫಿ, ಇಬ್ನ್ ಹಂಬಲ್ ಎಲ್ಲರೂ 8 ಮತ್ತು 9ನೇ ಶತಮಾನದವರು. ಶಿಯಾಗಳಿಗೆ ಬೇರೆ ಪಂಥವಿದೆ, ಜಾಫರಿ. ಶಾಫಿ ಪಂಥದಲ್ಲಿ ಸಿಗಡಿ ಹಲಾಲ್. ಹನಫಿ ಪಂಥದಲ್ಲಿ ಸಮುದ್ರದ ಜೀವಿಗಳಲ್ಲಿ ಮೀನು ಮಾತ್ರ ಹಲಾಲ್. ಆಗ ಸಿಗಡಿ ಮೀನೋ ಅಲ್ಲವೋ ಎಂಬ ಪ್ರಶ್ನೆ ಏಳುತ್ತದೆ. ಅರಬ್ಬಿ ಭಾಷೆಯ ಬಳಕೆಯಲ್ಲಿ ಅದನ್ನು ಮೀನೆಂದೇ ಕರೆಯುತ್ತಿದ್ದರು, ಆದ್ದರಿಂದ ತಿನ್ನಬಹುದು ಎಂದವರಿದ್ದಾರೆ. ಅದು ಮೀನಲ್ಲ, ಬಿಡುವುದೇ ಒಳ್ಳೆಯದು ಎಂದವರೂ ಇದ್ದಾರೆ. (ಪ್ರಾಣಿಶಾಸ್ತ್ರ ಎರಡನೆಯವರ ಕಡೆ. ಸಿಗಡಿ ಏಡಿಯ ಬಳಗದ್ದು.)

ನಮ್ಮ ರಾಜ್ಯದಲ್ಲೇ ಎರಡೂ ಪಂಥಗಳಿವೆ. ಅರಬ್ಬಿ ಸಮುದ್ರದ ವ್ಯಾಪಾರದ ಮೂಲಕ ಇಸ್ಲಾಂ ಬಂದ ಕರಾವಳಿಯಲ್ಲಿ, ಅಂದರೆ ಭಟ್ಕಳದ ನವಾಯತರಲ್ಲಿ ಮತ್ತು ದಕ್ಷಿಣ ಕನ್ನಡದ ಬ್ಯಾರಿಗಳಲ್ಲಿ, ಶಾಫಿ ಪಂಥ ನಡೆದುಬಂದಿದೆ. ಘಟ್ಟದ ಮೇಲೆ ಹೆಚ್ಚಿನವರು ಹನಫಿಗಳು. ಸಂಜೆಯ ಅಸರ್ ನಮಾಜಿನ ಸಮಯದಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಶಾಫಿ ಲೆಕ್ಕದಲ್ಲಿ ಒಂದು ವಸ್ತುವಿನ ನೆರಳು, ಮಧ್ಯಾಹ್ನದ ನೆರಳನ್ನು ಬಿಟ್ಟು, ಅದರ ಉದ್ದದಷ್ಟಾದಾಗ ಅಸರ್ ಶುರು. ಹನಫಿ ಲೆಕ್ಕದಲ್ಲಿ ಎರಡು ಪಟ್ಟಾದಾಗ. ನಮಾಜಿನ ಸಮಯ ತೋರಿಸುವ ಮೊಬೈಲ್ ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿ ಅಸರ್ ಲೆಕ್ಕಕ್ಕೆ ಎರಡು ಆಯ್ಕೆ ಇರುವುದು ಇದಕ್ಕೇ. ಸಾವಿರ ವರ್ಷಕ್ಕೂ ಹಳೆಯ ಭಿನ್ನಾಭಿಪ್ರಾಯ ಈಗ ಒಂದು ಬಟನ್ ಆಗಿದೆ.

ಯೆಹೂದಿಗಳಲ್ಲೂ ಇಂಥದ್ದು ಬೇಕಾದಷ್ಟು. ಪಸ್ಕ ಹಬ್ಬದ ದಿನಗಳಲ್ಲಿ ಹುಳಿ ಬರಿಸಿದ ಧಾನ್ಯದ ತಿನಿಸು ನಿಷಿದ್ಧ. ಯುರೋಪಿನ ಅಶ್ಕೆನಾಜಿ ಯೆಹೂದಿಗಳು ಅದರ ಜೊತೆಗೆ ಅಕ್ಕಿ, ಬೇಳೆಕಾಳುಗಳನ್ನೂ ಬಿಡುತ್ತಾರೆ. ಸ್ಪೇನ್ ಮೂಲದ ಸೆಫಾರ್ದಿಗಳಲ್ಲಿ ಮತ್ತು ಪೂರ್ವದೇಶಗಳ ಯೆಹೂದಿಗಳಲ್ಲಿ ಬಹುತೇಕರಿಗೆ ಅನ್ನ ಓಡುತ್ತದೆ. 16ನೇ ಶತಮಾನದಲ್ಲಿ ಗಲಿಲೀ ಪ್ರಾಂತ್ಯದ ಸಫೇದ್ ಊರಿನಲ್ಲಿದ್ದ ಯೋಸೆಫ್ ಕಾರೋ ಎಲ್ಲ ನಿಯಮಗಳನ್ನು ಒಟ್ಟುಗೂಡಿಸಿ ‘ಶುಲ್ಹಾನ್ ಅರುಖ್’ ಎಂಬ ಗ್ರಂಥ ಬರೆದರು. ಹೆಸರಿನ ಅರ್ಥ, ಊಟಕ್ಕೆ ಸಜ್ಜಾದ ಮೇಜು. ಪೋಲೆಂಡಿನ ಕ್ರಾಕೋವ್‌ನ ಮೋಶೆ ಇಸ್ಸೆರ್ಲೆಸ್ ಅದನ್ನು ಓದಿ, ‘ನಮ್ಮ ಕಡೆಯ ರೂಢಿ ಇದರಲ್ಲಿ ಇಲ್ಲವಲ್ಲ’ ಎಂದು ಟಿಪ್ಪಣಿ ಸೇರಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ಮೇಜಿನ ಹಾಸು’. ಇಂದಿಗೂ ಮೂಲ ಮತ್ತು ಟಿಪ್ಪಣಿಯನ್ನು ಒಟ್ಟಿಗೇ ಮುದ್ರಿಸುತ್ತಾರೆ. ಒಂದೇ ಪುಟದಲ್ಲಿ ಎರಡು ಉತ್ತರ.

ಸೋತ ವಾದವೂ ಪುಸ್ತಕದಲ್ಲೇ ಇರುತ್ತದೆ

ತೋರಾ ಎಂದರೆ ಯೆಹೂದಿಗಳ ಮೂಲ ಐದು ಗ್ರಂಥಗಳು. ಅದರಲ್ಲಿ 613 ಆಜ್ಞೆಗಳಿವೆ ಎಂಬುದು ಸಂಪ್ರದಾಯದ ಲೆಕ್ಕ. ಬಾಯಿಂದ ಬಾಯಿಗೆ ಬಂದ ವಿವರಣೆಗಳನ್ನು ಸುಮಾರು ಕ್ರಿ.ಶ. 200ರ ಹೊತ್ತಿಗೆ ರಬ್ಬಿ ಯೆಹೂದಾ ಹನಾಸಿ ‘ಮಿಶ್ನಾ’ ಎಂಬ ಸಂಗ್ರಹವಾಗಿ ಮಾಡಿದರು. ಮುಂದಿನ ಮೂರ್ನಾಲ್ಕು ಶತಮಾನ ಬ್ಯಾಬಿಲೋನಿನ, ಅಂದರೆ ಇಂದಿನ ಇರಾಕಿನ, ಪಾಠಶಾಲೆಗಳಲ್ಲಿ ಆ ಮಿಶ್ನಾದ ಮೇಲೆ ನಡೆದ ಚರ್ಚೆ ಸೇರಿಕೊಂಡು ತಾಲ್ಮುದ್ ಆಯಿತು. ಪಾಲೆಸ್ತೀನಿನಲ್ಲಿ ರೂಪುಗೊಂಡ ಇನ್ನೊಂದು ತಾಲ್ಮುದ್ ಕೂಡ ಇದೆ, ಆದರೆ ಹೆಚ್ಚು ಬಳಕೆಯಲ್ಲಿರುವುದು ಬ್ಯಾಬಿಲೋನಿನದು. ಅದು 2,711 ಹಾಳೆಗಳಷ್ಟು ದೊಡ್ಡದು. ದಿನಕ್ಕೊಂದು ಹಾಳೆಯಂತೆ ಓದುವ ಪದ್ಧತಿ 1923ರಲ್ಲಿ ಶುರುವಾಯಿತು. ಹಾಗೆ ಓದಿದರೆ ಮುಗಿಸಲು ಸುಮಾರು ಏಳೂವರೆ ವರ್ಷ ಬೇಕು.

ಪುಟದ ನಡುವೆ ಮೂಲ, ಒಂದು ಬದಿಗೆ 11ನೇ ಶತಮಾನದ ಫ್ರಾನ್ಸ್‌ನ ರಾಶಿ ಎಂಬ ಪಂಡಿತನ ವ್ಯಾಖ್ಯಾನ, ಇನ್ನೊಂದು ಬದಿಗೆ ಅವನ ನಂತರದವರು ಅವನನ್ನೇ ಪ್ರಶ್ನಿಸಿದ್ದು. ಮೂಲ, ಭಾಷ್ಯ, ಟೀಕೆ ಎಂಬ ನಮ್ಮ ಶಾಸ್ತ್ರಗ್ರಂಥಗಳ ಕ್ರಮ ಗೊತ್ತಿದ್ದವರಿಗೆ ಇದು ಅಪರಿಚಿತವಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ಕಲ್ಯಾಣದ ವಿಜ್ಞಾನೇಶ್ವರ ಬರೆದ ಮಿತಾಕ್ಷರಾ ನೆನಪಿಸಿಕೊಳ್ಳಿ. ಮುಂದೆ ನ್ಯಾಯಾಲಯಗಳು ಹೆಚ್ಚಾಗಿ ಹಿಡಿದದ್ದು ಸ್ಮೃತಿಯ ಸಾಲನ್ನಲ್ಲ, ವಿಜ್ಞಾನೇಶ್ವರ ಅದಕ್ಕೆ ಕೊಟ್ಟ ಅರ್ಥವನ್ನು.

‘ಕಣ್ಣಿಗೆ ಕಣ್ಣು’ ಎಂಬ ತೋರಾದ ಮಾತು ಎಲ್ಲರಿಗೂ ಗೊತ್ತು. ಯೆಹೂದಿ ನ್ಯಾಯ ಎಂದರೆ ಸೇಡು ಎನ್ನುವವರ ಮೊದಲ ಸಾಕ್ಷಿಯೇ ಇದು. ಆದರೆ ತಾಲ್ಮುದ್ ಈ ಮಾತನ್ನು ಹಿಡಿದು ಪ್ರಶ್ನೆಗಳ ಮಳೆಗರೆಯುತ್ತದೆ. ಕುರುಡನೊಬ್ಬ ಇನ್ನೊಬ್ಬನ ಕಣ್ಣು ಕಿತ್ತರೆ ಏನು ಮಾಡುತ್ತೀರಿ? ಕಣ್ಣು ಕೀಳುವಾಗ ಆತ ಸತ್ತೇ ಹೋದರೆ ಅದು ಕಣ್ಣಿಗೆ ಕಣ್ಣಾಯಿತೋ, ಕಣ್ಣಿಗೆ ಪ್ರಾಣವಾಯಿತೋ? ಕೊನೆಗೆ ನಿಲ್ಲುವ ತೀರ್ಮಾನ: ಇದು ಹಣದ ಪರಿಹಾರ. ಅದಕ್ಕೆ ಐದು ಬಾಬತ್ತುಗಳು: ಅಂಗನಷ್ಟ, ನೋವು, ಚಿಕಿತ್ಸೆಯ ಖರ್ಚು, ದುಡಿಮೆ ತಪ್ಪಿದ್ದು, ಅವಮಾನ. ಅವಮಾನವೊಂದನ್ನು ಬಿಟ್ಟರೆ ನಮ್ಮ ಮೋಟಾರು ಅಪಘಾತ ನ್ಯಾಯಮಂಡಳಿಯ ಆದೇಶ ಓದಿದ ಹಾಗೇ ಇದೆ.

ಆದರೆ ‘ಇಲ್ಲ, ಕಣ್ಣು ಅಂದರೆ ಕಣ್ಣೇ’ ಎಂದ ರಬ್ಬಿ ಎಲಿಯೆಜರ್ ಅವರ ಮಾತೂ ಅದೇ ಚರ್ಚೆಯಲ್ಲಿ ಹಾಗೆಯೇ ಉಳಿದಿದೆ. ಅಲ್ಪಸಂಖ್ಯಾತರ ಅಭಿಪ್ರಾಯವನ್ನು ಅಳಿಸಬಾರದು, ಮುಂದೊಂದು ದಿನ ಯಾವುದಾದರೂ ನ್ಯಾಯಸಭೆಗೆ ಅದು ಬೇಕಾಗಬಹುದು ಎಂಬುದು ಮಿಶ್ನಾ ತಾನೇ ಕೊಡುವ ಕಾರಣ. ಹೀಗಾಗಿ ತಾಲ್ಮುದ್‌ನಿಂದ ಒಂದು ಸಾಲು ಎತ್ತಿ ಕಳಿಸಿದವರು ನಿಮಗೆ ಕಳಿಸಿದ್ದು ಸೋತ ವಾದವಾಗಿರಬಹುದು, ಮುಂದಿನ ಪುಟದಲ್ಲೇ ಖಂಡಿಸಿದ್ದಾಗಿರಬಹುದು, ಬರೀ ಒಂದು ಕಥೆಯೂ ಆಗಿರಬಹುದು. ಸಾಲು ನಕಲಿಯಲ್ಲದಿದ್ದರೂ ಅದು ಕಾನೂನು ಎಂದಾಗುವುದಿಲ್ಲ.

ಕುರ್‌ಆನ್‌ನ ಕಥೆಯೂ ದೂರದ್ದಲ್ಲ. ಅದರ 6,200ಕ್ಕೂ ಹೆಚ್ಚು ವಚನಗಳಲ್ಲಿ ಕಾನೂನಿಗೆ ಸಂಬಂಧಿಸಿದವು ಸುಮಾರು 500 ಎಂಬುದು ಸಾಂಪ್ರದಾಯಿಕ ಲೆಕ್ಕ. ಅವುಗಳಲ್ಲೂ ಹೆಚ್ಚಿನವು ನಮಾಜು, ಉಪವಾಸ, ದಾನ, ಮದುವೆ, ಆಸ್ತಿ ಹಂಚಿಕೆಯಂಥ ವಿಷಯಗಳವು. ಉಳಿದದ್ದನ್ನು ಪ್ರವಾದಿಯವರ ನಡೆನುಡಿಯ ವರದಿಗಳಾದ ಹದೀಸ್‌ಗಳಿಂದ, ವಿದ್ವಾಂಸರ ಒಮ್ಮತದಿಂದ, ಹೋಲಿಕೆಯ ತರ್ಕದಿಂದ ಕಟ್ಟಿದ್ದಾರೆ. ಅದರಲ್ಲಿ ಎಲ್ಲವೂ ಕಡ್ಡಾಯ ಅಥವಾ ನಿಷಿದ್ಧ ಎಂದೂ ಅಲ್ಲ. ಐದು ಮೆಟ್ಟಿಲುಗಳಿವೆ: ಕಡ್ಡಾಯ, ಮಾಡಿದರೆ ಒಳಿತು, ನಿಮ್ಮಿಷ್ಟ, ಬಿಟ್ಟರೆ ಒಳಿತು, ನಿಷಿದ್ಧ. ‘ಇಸ್ಲಾಮಿನಲ್ಲಿ ಇದು ಹರಾಮ್’ ಎಂದು ಬರುವ ಎಷ್ಟೋ ಸಂಗತಿಗಳು ನಡುವಿನ ಮೂರು ಮೆಟ್ಟಿಲುಗಳಲ್ಲೇ ಇರುತ್ತವೆ.

ಶಿಕ್ಷೆಗಳ ವಿಷಯವನ್ನು ನಾವು ಮುಚ್ಚಿಡುವುದಿಲ್ಲ. ಕಳ್ಳತನಕ್ಕೆ ಕೈ ಕತ್ತರಿಸುವ ಶಿಕ್ಷೆ ಕುರ್‌ಆನ್‌ನಲ್ಲಿದೆ. ಹಳೆಯ ನ್ಯಾಯವೇತ್ತರು ಅದರ ಸುತ್ತ ಷರತ್ತುಗಳ ಬೇಲಿ ಹಾಕಿದರು. ಕದ್ದದ್ದು ಇಂತಿಷ್ಟು ಬೆಲೆಯದಾಗಿರಬೇಕು, ಭದ್ರವಾಗಿಟ್ಟ ಜಾಗದಿಂದ ಕದ್ದಿರಬೇಕು, ಹಸಿವಿನಿಂದ ಕದ್ದಿರಬಾರದು, ಎಳ್ಳಷ್ಟು ಅನುಮಾನವಿದ್ದರೂ ಶಿಕ್ಷೆ ಇಲ್ಲ. ವ್ಯಭಿಚಾರದ ಆರೋಪಕ್ಕೆ ನಾಲ್ವರು ಕಣ್ಣಾರೆ ಕಂಡ ಸಾಕ್ಷಿಗಳು ಬೇಕು, ಅವರಿಲ್ಲದೆ ಆರೋಪ ಹೊರಿಸಿದವನಿಗೇ 80 ಛಡಿಯೇಟು. ಇಷ್ಟು ಹೇಳಿ ನಿಲ್ಲಿಸಿದರೂ ಅರ್ಧ ಸತ್ಯವೇ ಆಗುತ್ತದೆ. ಇರಾನ್, ಸೌದಿ ಅರೇಬಿಯಾ, ತಾಲಿಬಾನ್ ಆಡಳಿತದ ಅಫ್ಘಾನಿಸ್ತಾನಗಳಲ್ಲಿ ಅಂಗಚ್ಛೇದ, ಛಡಿಯೇಟುಗಳು ಈ ಕಾಲದಲ್ಲೂ ನಡೆದಿವೆ. ಕಣ್ಣಿಗೆ ಕಣ್ಣು ಇರಾನ್‌ನ ದಂಡಸಂಹಿತೆಯಲ್ಲಿ ಈಗಲೂ ಇದೆ. ಅದೇ ಹೊತ್ತಿಗೆ, ಒಟ್ಟೋಮನ್ ಸಾಮ್ರಾಜ್ಯವೇ 1858ರಲ್ಲಿ ಫ್ರೆಂಚ್ ಮಾದರಿಯ ದಂಡಸಂಹಿತೆ ತಂದಿತ್ತು. ಇಂದು ಮುಸ್ಲಿಂ ಬಹುಸಂಖ್ಯಾತ ದೇಶಗಳಲ್ಲಿ ಹೆಚ್ಚಿನವುಗಳಲ್ಲಿ ಶರಿಯಾ ಉಳಿದಿರುವುದು ಮದುವೆ, ವಿಚ್ಛೇದನ, ಉತ್ತರಾಧಿಕಾರಗಳಲ್ಲಿ. ಜನರ ಬದುಕಿಗೆ ಅದು ನಿಜವಾಗಿ ತಟ್ಟುವುದೂ ಅಲ್ಲೇ.

ಗಂಡ ನಾಪತ್ತೆಯಾದರೆ

ಗಂಡ ಊರು ಬಿಟ್ಟು ಹೋಗಿದ್ದಾನೆ, ವರ್ಷಗಳಾದರೂ ಸುದ್ದಿಯಿಲ್ಲ. ಹೆಂಡತಿ ಮರುಮದುವೆ ಆಗಬಹುದೇ?

ಹಲಾಖಾದಲ್ಲಿ ವಿಚ್ಛೇದನ ಪತ್ರವನ್ನು, ಅಂದರೆ ‘ಗೆಟ್’ ಅನ್ನು, ಗಂಡ ಕೊಡಬೇಕು. ಅವನು ಕೊಡದಿದ್ದರೆ ಅಥವಾ ಸತ್ತದ್ದು ಖಚಿತವಾಗದಿದ್ದರೆ ಅವಳಿಗೆ ಬಿಡುಗಡೆ ಇಲ್ಲ. ಅಂಥವಳನ್ನು ‘ಅಗುನಾ’ ಎನ್ನುತ್ತಾರೆ, ಕಟ್ಟುಬಿದ್ದವಳು ಎಂದು ಅರ್ಥ. ಆದರೆ ರಬ್ಬಿಗಳು ಸುಮ್ಮನೆ ಕೂರಲಿಲ್ಲ. ಬೇರೆ ವ್ಯಾಜ್ಯಗಳಲ್ಲಿ ಇಬ್ಬರು ಗಂಡಸರ ಸಾಕ್ಷ್ಯ ಬೇಕು. ಗಂಡ ಸತ್ತನೆಂದು ತಿಳಿಯಲು ಮಾತ್ರ ಒಬ್ಬರ ಸಾಕ್ಷ್ಯ ಸಾಕು, ಅದು ಹೆಂಗಸಿನದಾದರೂ ಸರಿ, ಕೇಳಿದ ಮಾತಾದರೂ ಸರಿ ಎಂದು ಸಡಿಲಿಸಿದರು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದಾಗ ದೇಹವೂ ಸಿಗದ ಗಂಡಂದಿರ ಪತ್ನಿಯರ ವಿಷಯದಲ್ಲಿ ಅಲ್ಲಿನ ರಬ್ಬಿಗಳ ನ್ಯಾಯಸಭೆ ಡಿಎನ್‌ಎ ಪರೀಕ್ಷೆ, ಫೋನ್ ಕರೆಗಳ ದಾಖಲೆಗಳನ್ನೆಲ್ಲ ಪರಿಶೀಲಿಸಿತು.

ಈ ಸಮಸ್ಯೆಗೂ ಮಂಗಳೂರಿನ ಕಡಲಿಗೂ ನಂಟಿದೆ. 12ನೇ ಶತಮಾನದಲ್ಲಿ ಈಜಿಪ್ಟ್, ಏಡನ್‌ಗಳಿಂದ ಯೆಹೂದಿ ವ್ಯಾಪಾರಿಗಳು ಮೆಣಸಿಗಾಗಿ ನಮ್ಮ ಕರಾವಳಿಗೆ ಬರುತ್ತಿದ್ದರು. ಹಡಗು ಮುಳುಗಿದರೆ ಸುದ್ದಿ ಹೇಳುವವರೂ ಇಲ್ಲ. ಅದಕ್ಕಾಗಿ ‘ಇಷ್ಟು ಕಾಲದಲ್ಲಿ ಮರಳದಿದ್ದರೆ ಇದು ವಿಚ್ಛೇದನವೆಂದು ತಿಳಿ’ ಎಂಬ ಷರತ್ತಿನ ಪತ್ರವನ್ನು ಹೆಂಡತಿಗೆ ಬರೆದುಕೊಟ್ಟು ಹಡಗು ಹತ್ತುವ ರೂಢಿ ಅವರಲ್ಲಿತ್ತು. ಇದೆಲ್ಲ ನಮಗೆ ಗೊತ್ತಾಗಿರುವುದೂ ಧಾರ್ಮಿಕ ನಿಯಮವೊಂದರ ದಯೆಯಿಂದಲೇ. ದೇವರ ಹೆಸರಿರುವ ಬರಹವನ್ನು ನಾಶ ಮಾಡಬಾರದೆಂದು ಕೈರೋದ ಒಂದು ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ಹಳೆಯ ಕಾಗದಗಳನ್ನು ಶತಮಾನಗಟ್ಟಲೆ ತುಂಬುತ್ತಾ ಬಂದಿದ್ದರು. ಲಕ್ಷಗಟ್ಟಲೆ ತುಣುಕುಗಳ ಆ ರಾಶಿಯಲ್ಲಿ ಅಬ್ರಹಾಂ ಬೆನ್ ಯೀಜು ಎಂಬ ವ್ಯಾಪಾರಿಯ ಕಾಗದಗಳೂ ಸಿಕ್ಕವು. ಆತ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಬರೆದದ್ದು 1132ರಲ್ಲಿ, ಮಂಗಳೂರಿನಲ್ಲಿ, ಯೆಹೂದಿ ಕಾನೂನಿನ ಕ್ರಮದಲ್ಲಿ.

ಇನ್ನು ಇಸ್ಲಾಮಿನ ಕಡೆ. ಹನಫಿ ಪಂಥದಲ್ಲಿ ನಾಪತ್ತೆಯಾದವನ ಓರಗೆಯವರೆಲ್ಲ ತೀರಿಹೋಗುವಷ್ಟು ಕಾಲ ಹೆಂಡತಿ ಕಾಯಬೇಕಿತ್ತು. ಒಂದು ಲೆಕ್ಕದಲ್ಲಿ ಅವನಿಗೆ 90 ವರ್ಷ ತುಂಬುವವರೆಗೆ. ಮಾಲಿಕಿ ಪಂಥದಲ್ಲಿ ನಾಲ್ಕು ವರ್ಷ. ಭಾರತದ ಬಹುಪಾಲು ಮುಸ್ಲಿಮರು ಹನಫಿಗಳು. ಬ್ರಿಟಿಷ್ ಕಾಲದಲ್ಲಿ ಬೇರೆ ದಾರಿ ಕಾಣದೆ ಕೆಲವು ಹೆಂಗಸರು ಮದುವೆ ಮುರಿಯುವುದಕ್ಕಾಗಿಯೇ ಇಸ್ಲಾಂ ಬಿಡತೊಡಗಿದರು. 1930ರ ದಶಕದ ಆರಂಭದಲ್ಲಿ ಅಶ್ರಫ್ ಅಲಿ ಥಾನವಿ ಎಂಬ ಹನಫಿ ವಿದ್ವಾಂಸರು ಮದೀನಾದ ಮಾಲಿಕಿ ಪಂಡಿತರಿಗೆ ಪತ್ರ ಬರೆದು, ಅವರ ಪಂಥದ ನಿಯಮವನ್ನು ಇಂಥ ಸಂಕಟದಲ್ಲಿ ಎರವಲು ಪಡೆಯಬಹುದೆಂದು ಪುಸ್ತಕವನ್ನೇ ಬರೆದರು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯ ಮೊದಲ ಕಾರಣವೇ ‘ಗಂಡ ನಾಲ್ಕು ವರ್ಷಗಳಿಂದ ಪತ್ತೆಯಿಲ್ಲದಿರುವುದು’. ಅದು ಬಂದದ್ದು ಮಾಲಿಕಿ ಪಂಥದಿಂದ. ಪಂಥಗಳ ನಡುವೆ ಭಿನ್ನಾಭಿಪ್ರಾಯ ಉಳಿದಿರದಿದ್ದರೆ ಈ ಬಾಗಿಲು ತೆರೆಯುವುದು ಸುಲಭವಿರಲಿಲ್ಲ.

ಫತ್ವಾ ಎಂದರೆ ಆದೇಶವೇ?

ಅಲ್ಲ. ಯಾರೋ ಪ್ರಶ್ನೆ ಕೇಳುತ್ತಾರೆ, ಮುಫ್ತಿ ಎನ್ನುವ ವಿದ್ವಾಂಸ ತನಗೆ ತಿಳಿದ ಉತ್ತರ ಕೊಡುತ್ತಾನೆ. ಆ ಉತ್ತರ ಫತ್ವಾ. ಸಾಕ್ಷಿ ವಿಚಾರಿಸಿ ತೀರ್ಪು ಕೊಡುವ ಖಾಝಿಯ ಕೆಲಸ ಬೇರೆ. ಹಲ್ಲುಜ್ಜಿದರೆ ಉಪವಾಸ ಮುರಿಯುತ್ತದೆಯೇ, ಬ್ಯಾಂಕಿನ ಬಡ್ಡಿ ಏನು ಮಾಡಲಿ ಎಂಬಂಥ ಪ್ರಶ್ನೆಗಳಿಗೆ ಬಂದ ಉತ್ತರಗಳೇ ಫತ್ವಾಗಳಲ್ಲಿ ಹೆಚ್ಚು. 1989ರಲ್ಲಿ ಇರಾನಿನ ಖೊಮೇನಿ ಲೇಖಕ ಸಲ್ಮಾನ್ ರಶ್ದಿ ವಿರುದ್ಧ ಹೊರಡಿಸಿದ ಫತ್ವಾದಿಂದ ಆ ಪದಕ್ಕೆ ಮರಣದಂಡನೆ ಎಂಬ ಅರ್ಥ ಜಗತ್ತಿನ ಕಿವಿಯಲ್ಲಿ ಕೂತುಬಿಟ್ಟಿತು. ಯೆಹೂದಿಗಳಲ್ಲೂ ಹೀಗೆಯೇ ರಬ್ಬಿಗಳಿಗೆ ಪ್ರಶ್ನೆ ಬರೆದು ಉತ್ತರ ಪಡೆಯುವ ಸಂಪ್ರದಾಯ ಸಾವಿರ ವರ್ಷ ದಾಟಿದೆ. ಶಬ್ಬಾತ್ ದಿನ ಲಿಫ್ಟ್ ಬಳಸಬಹುದೇ ಎಂಬವರೆಗೂ ಪ್ರಶ್ನೆಗಳಿವೆ.

ಬೇರೆಯವರ ರಾಜ್ಯದಲ್ಲಿ ಬದುಕುವಾಗ ಏನು ಮಾಡಬೇಕು ಎಂಬುದಕ್ಕೂ ಹಲಾಖಾದಲ್ಲಿ ಹಳೆಯ ಉತ್ತರವಿದೆ. 3ನೇ ಶತಮಾನದಲ್ಲಿ, ಪರ್ಷಿಯನ್ನರ ಆಳ್ವಿಕೆಯ ಬ್ಯಾಬಿಲೋನಿನಲ್ಲಿ, ಶ್ಮುವೆಲ್ ಎಂಬ ಪಂಡಿತರು ತೆರಿಗೆ, ಆಸ್ತಿಯಂಥ ವಿಷಯಗಳಲ್ಲಿ ನೆಲದ ಕಾನೂನೇ ನಮಗೂ ಕಾನೂನು ಎಂದು ನಿಯಮ ಮಾಡಿದರು.

ಹಲವರಿಗೆ ಆಶ್ಚರ್ಯವಾಗುವ ಸಂಗತಿ ಒಂದಿದೆ. ಇಸ್ರೇಲಿನಲ್ಲಿ ಸರ್ಕಾರವೇ ನಡೆಸುವ ಶರಿಯಾ ನ್ಯಾಯಾಲಯಗಳಿವೆ. ಒಟ್ಟೋಮನ್ನರಿಂದ ಬ್ರಿಟಿಷರಿಗೆ, ಬ್ರಿಟಿಷರಿಂದ ಇಸ್ರೇಲಿಗೆ ಬಂದ ವ್ಯವಸ್ಥೆ ಇದು. ಅಲ್ಲಿ ಯೆಹೂದಿಗಳ ಮದುವೆ, ವಿಚ್ಛೇದನ ರಬ್ಬಿಗಳ ನ್ಯಾಯಾಲಯಕ್ಕೆ, ಮುಸ್ಲಿಮರದ್ದು ಖಾಝಿಗಳಿಗೆ. 2017ರಲ್ಲಿ ಹನಾ ಖತೀಬ್ ಅಲ್ಲಿನ ಮೊದಲ ಮಹಿಳಾ ಖಾಝಿಯಾಗಿ ನೇಮಕಗೊಂಡರು. ದೇಶದೊಳಗೆ ಸಿವಿಲ್ ಮದುವೆಗೆ ಅವಕಾಶವಿಲ್ಲದ ಕಾರಣ ಎಷ್ಟೋ ಜೋಡಿಗಳು ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬರುತ್ತಾರೆ. ಈ ವ್ಯವಸ್ಥೆಯ ಬಿಸಿ ಭಾರತದವರಿಗೂ ತಟ್ಟಿದೆ. ಕೊಂಕಣದಿಂದ ವಲಸೆ ಹೋದ ಬೆನೆ ಇಸ್ರೇಲಿ ಯೆಹೂದಿಗಳು ಶತಮಾನಗಳ ಕಾಲ ರಬ್ಬಿಗಳಿಂದ ದೂರವಿದ್ದವರು, ಅವರ ಹಿರಿಯರ ಮದುವೆ-ವಿಚ್ಛೇದನಗಳು ಕ್ರಮಬದ್ಧವೇ ಎಂದು ಅಲ್ಲಿನ ಧಾರ್ಮಿಕ ಅಧಿಕಾರಿಗಳು 1960ರ ದಶಕದ ಆರಂಭದಲ್ಲಿ ತಕರಾರು ತೆಗೆದರು. ಅವರು ಬೀದಿಗಿಳಿದು ಹೋರಾಡಿದ ಮೇಲೆ 1964ರಲ್ಲಿ ಸರ್ಕಾರ ಅವರನ್ನು ಎಲ್ಲ ರೀತಿಯಲ್ಲೂ ಪೂರ್ಣ ಯೆಹೂದಿಗಳೆಂದು ಘೋಷಿಸಿತು.

ಭಾರತದಲ್ಲಿ ಕ್ರಿಮಿನಲ್ ಕಾನೂನು ಎಲ್ಲರಿಗೂ ಒಂದೇ. ಹಿಂದೆ 1860ರ ದಂಡಸಂಹಿತೆ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ. 1937ರ ಶರೀಅತ್ ಕಾಯ್ದೆ ಅನ್ವಯಿಸುವುದು ಮದುವೆ, ವಿಚ್ಛೇದನ, ಜೀವನಾಂಶ, ಉತ್ತರಾಧಿಕಾರ, ವಕ್ಫ್‌ನಂಥ ವಿಷಯಗಳಿಗೆ ಮಾತ್ರ. ಅದರ ವ್ಯಾಜ್ಯಗಳನ್ನು ತೀರ್ಮಾನಿಸುವುದೂ ನಮ್ಮ ಸಾಮಾನ್ಯ ನ್ಯಾಯಾಲಯಗಳೇ. ಒಂದೇ ಉಸಿರಿನ ತ್ರಿವಳಿ ತಲಾಕ್ ಪಾಪದ ಕೆಲಸ, ಆದರೂ ಊರ್ಜಿತ ಎಂಬುದು ಹನಫಿಗಳ ಹಳೆಯ ನಿಲುವು. ಶಿಯಾಗಳು ಅದನ್ನು ಒಪ್ಪಿರಲಿಲ್ಲ. ಈಜಿಪ್ಟ್ 1929ರಲ್ಲೇ ಮೂರನ್ನು ಒಂದೆಂದು ಎಣಿಸುವ ಕಾನೂನು ಮಾಡಿತ್ತು. ನಮ್ಮ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದು 3-2 ಬಹುಮತದಿಂದ ಅದನ್ನು ರದ್ದು ಮಾಡಿತು. ಮೂವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಕುರಿಯನ್ ಜೋಸೆಫ್, ಕುರ್‌ಆನ್‌ಗೆ ವಿರುದ್ಧವಾದದ್ದು ಶರೀಅತ್ ಆಗಲಾರದು ಎಂಬ ವಾದವನ್ನೇ ಹಿಡಿದರು. 2019ರ ಕಾಯ್ದೆ ಅದನ್ನು ಮೂರು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧವಾಗಿಸಿತು.

ಫತ್ವಾಗಳ ಬಗ್ಗೆ ಸುಪ್ರೀಂ ಕೋರ್ಟ್ 2014ರ ಜುಲೈನಲ್ಲೇ ಹೇಳಿದೆ. ಫತ್ವಾಕ್ಕೆ ಕಾನೂನಿನ ಬಲವಿಲ್ಲ, ಅದನ್ನು ಪಾಲಿಸಲೇಬೇಕೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ, ಪಾಲಿಸದವರನ್ನು ಶಿಕ್ಷಿಸುವಂತಿಲ್ಲ. ದಾರುಲ್ ಕಝಾ ಎಂಬ ಸಂಸ್ಥೆಗಳೂ ಕಾನೂನು ಒಪ್ಪಿದ ನ್ಯಾಯಾಲಯಗಳಲ್ಲ. ಇಷ್ಟವಿದ್ದವರು ಹೋಗಿ ರಾಜಿ ಮಾಡಿಕೊಳ್ಳಬಹುದು, ಅಷ್ಟೇ. ಒಬ್ಬ ವ್ಯಕ್ತಿಯ ಹಕ್ಕಿಗೆ ಸಂಬಂಧಿಸಿದ ವಿಷಯದಲ್ಲಿ ಆ ವ್ಯಕ್ತಿ ತಾನಾಗಿ ಕೇಳದೆ, ಯಾರೋ ಮೂರನೆಯವರು ಕೇಳಿದರೆಂದು ಫತ್ವಾ ಕೊಡಬಾರದು ಎಂದೂ ಕೋರ್ಟ್ ಸೂಚಿಸಿತು.